ನೇರ ಹೋದರೆ ಅರ್ಧ ಗಂಟೆ

ಹಾಂಗ್‌ಕಾಂಗ್ ಬಿಟ್ಟ ವಿಮಾನ ಮೇಲೇರಿ, ಕಿವಿಯಲ್ಲಿ ಕಟ್ಟಿಕೊಂಡಿದ್ದ ಗಾಳಿ ಪಟ್ಟನೆ ಬಿಟ್ಟ ಮೇಲೆ, ಸುಲನ್ ತಮ್ಮನ ಕಡೆ ಬಾಗಿ, "ಹತ್ತುವಾಗ ಕರೆದ್ಯೇನೋ?" ಎಂದಳು. ಜಿಯಾಮಿಂಗ್ "ಹೂಂ" ಎಂದ. ಅದು ಎಷ್ಟು ಸಲೀಸಾಗಿ ಬಾಯಿಂದ ಬಂತೆಂದರೆ, ತಾನು ನಿಜವಾಗಿಯೂ ಕರೆದಿರಬೇಕೆಂದು ಒಂದು ಕ್ಷಣ ಅವನಿಗೇ ಅನ್ನಿಸಿತು. "ನನಗೆ ಕೇಳಿಸಲೇ ಇಲ್ಲವಲ್ಲೋ." "ನೀನು ಮುಂದಿದ್ದೆ ಅಕ್ಕ. ಗಲಾಟೆ ಬೇರೆ ಇತ್ತು." ಅವಳು ತಲೆಯಾಡಿಸಿ, ತೈಪೆಯಿಂದ ಕೈಯಲ್ಲೇ ಹಿಡಿದು ತಂದಿದ್ದ, ಹಚ್ಚಲು ಯಾರೂ ಬಿಡದ ಮೂರು ಊದುಕಡ್ಡಿಗಳನ್ನು ಕರವಸ್ತ್ರದಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು. ಜಿಯಾಮಿಂಗನ ತೊಡೆಯ ಮೇಲೆ ನೀಲಿ ಬಣ್ಣದ ಚೀಲ. ಅವನು ಹದಿನೆಂಟು ವರ್ಷಗಳಿಂದ ಕೆಲಸ ಮಾಡುತ್ತಿದ್ದ ಪ್ರವಾಸ ಕಚೇರಿ ತನ್ನ ಗಿರಾಕಿಗಳಿಗೆ ಪುಕ್ಕಟೆ ಕೊಡುತ್ತಿದ್ದ ಚೀಲ ಅದು, ಮೇಲೆ ದಪ್ಪ ಬಿಳಿ ಅಕ್ಷರದಲ್ಲಿ 'ಶುಭ ಪ್ರಯಾಣ' ಎಂದಿತ್ತು. ಒಳಗೆ ಹಳದಿ ಬಟ್ಟೆಯಲ್ಲಿ ಗಂಟು ಕಟ್ಟಿದ ಗಡಿಗೆಯಲ್ಲಿ ಅಪ್ಪನ ಬೂದಿ. ಬೇರೆ ಚೀಲ ಸಿಗಲಿಲ್ಲವೇ ಎಂದು ಅಕ್ಕ ಬೆಳಗ್ಗೆ ಬೈದಿದ್ದಳು. ಗಡಿಗೆಯ ಅಳತೆಗೆ ಸರಿಯಾಗಿ ಕೂತದ್ದು ಇದೊಂದೇ ಎಂದು ಅವನು ಹೇಳಿದ್ದ. ಅದಂತೂ ಸುಳ್ಳಲ್ಲ.

ಕರೆದಿರಲಿಲ್ಲ. ತೈಪೆಯಲ್ಲಿ ಮನೆಯ ಮೆಟ್ಟಿಲಿಳಿಯುವಾಗ ಕರೆದಿದ್ದ, ಟ್ಯಾಕ್ಸಿ ಹತ್ತುವಾಗ ಕರೆದಿದ್ದ, ನದಿ ದಾಟುವಾಗ ಕಿಟಕಿ ಇಳಿಸಿ, "ಅಪ್ಪಾ, ಸೇತುವೆ ಬಂತು, ಜೊತೆಗೇ ಬಾ" ಎಂದು ಕೂಗಿದ್ದ. ಟ್ಯಾಕ್ಸಿಯವನು ರೇಡಿಯೋ ಆರಿಸಿ, ಸೇತುವೆ ಮುಗಿಯುವವರೆಗೂ ಗಾಡಿಯನ್ನು ನಿಧಾನವಾಗಿ ಬಿಟ್ಟಿದ್ದ. ವಿಮಾನದ ಬಾಗಿಲಲ್ಲಿ ಕರೆದಾಗ ಪರಿಚಾರಿಕೆ ಎರಡು ಹೆಜ್ಜೆ ಹಿಂದೆ ಸರಿದು, ಅವನ ಹಿಂದೆ ಇನ್ನೊಬ್ಬರು ಬರುವಷ್ಟು ಜಾಗ ಬಿಟ್ಟು ನಿಂತಿದ್ದಳು. ತೈಪೆಯಲ್ಲಿ ಇದಕ್ಕೆ ಯಾರೂ ನಗುವುದಿಲ್ಲ. ಈ ಆರೇಳು ವರ್ಷಗಳಲ್ಲಿ, ನೀರಿನಾಚೆ ಚೀನಾದಲ್ಲಿರುವ ಹುಟ್ಟೂರಿಗೆ ಹೋಗಿಬರಲು ಸರ್ಕಾರ ಬಿಟ್ಟಂದಿನಿಂದ, ಹೀಗೆ ಗಡಿಗೆ ಹೊತ್ತು ಕೂಗುತ್ತ ಹೋಗುವವರು ದಿನಕ್ಕೆ ಒಬ್ಬರಾದರೂ ಇದ್ದೇ ಇರುತ್ತಾರೆ. ಅವನಿಗೆ ಒಂದು ಬಗೆಯ ಹೆಮ್ಮೆ ಕೂಡ ಆಗಿತ್ತು. ಜನ ದಾರಿ ಬಿಟ್ಟು ನಿಲ್ಲುವಂಥ ಕೆಲಸ ಅವನು ಆವರೆಗೆ ಯಾವುದನ್ನೂ ಮಾಡಿರಲಿಲ್ಲ. ಶವಾಗಾರದಲ್ಲಿ ಮಂತ್ರ ಹೇಳಿದ್ದ ಪೂಜಾರಿ ಒಂದೊಂದನ್ನೂ ಬಿಡಿಸಿ ಹೇಳಿದ್ದ. "ಅವರು ನಿಮ್ಮ ಬೆನ್ನ ಹಿಂದೇನೇ ಬರ್ತಿರ್ತಾರೆ. ಕಣ್ಣು ಕಾಣಿಸಲ್ಲ, ಮಗನ ಧ್ವನಿ ಒಂದು ಕೇಳಿಸುತ್ತೆ. ಗಾಡಿ ಹತ್ತಿದ್ರೆ ಹೇಳ್ಬೇಕು, ಇಳಿದ್ರೆ ಹೇಳ್ಬೇಕು, ನೀರು ದಾಟಿದ್ರೆ ಹೇಳ್ಬೇಕು. ಹೇಳದೆ ಮುಂದೆ ಹೋದ್ರೋ, ಅಲ್ಲೇ ನಿಂತುಬಿಡ್ತಾರೆ." ಮಗಳು ಕರೆದರೆ ಆಗುವುದಿಲ್ಲವೇ ಎಂದು ಜಿಯಾಮಿಂಗ್ ಕೇಳಿದ್ದ. ಆಗುವುದಿಲ್ಲ. ವಿಮಾನಕ್ಕೂ ಇದೇ ಲೆಕ್ಕವೇ? "ವಿಮಾನ ಏನು ಮಹಾ, ಅದೂ ಒಂದು ಗಾಡಿ. ಆದರೆ ಹಾಂಗ್‌ಕಾಂಗಿನಲ್ಲಿ ಮಾತ್ರ ಜೋಪಾನ ಸ್ವಾಮೀ. ಅಲ್ಲಿ ಇಳಿಸಿ, ಕೂರಿಸಿ, ಮತ್ತೆ ಹತ್ತಿಸಬೇಕು. ಬಹಳ ಜನ ತಪ್ಪಿಹೋಗೋದು ಅಲ್ಲೇ."

ಪೂಜಾರಿಯ ಮಾತು ಕೇಳಿ ಒಳಗೊಳಗೇ ನಗು ಬಂದಿತ್ತು. ಹಾಂಗ್‌ಕಾಂಗಿನಲ್ಲಿ ವಿಮಾನ ತಪ್ಪಿಸಿಕೊಂಡ ಗಿರಾಕಿಗಳ ದೂರು ಕೇಳುವುದೇ ಅವನ ಹೊಟ್ಟೆಪಾಡು. ತೈಪೆಯಿಂದ ಫೂಜೌಗೆ ಹೋಗಬೇಕೆಂದು ಬಂದ ಮುದುಕರಿಗೆಲ್ಲ ಅವನು ಗೋಡೆಯ ಮೇಲಿನ ನಕ್ಷೆಯನ್ನು ಕೋಲಿನಿಂದ ತೋರಿಸುತ್ತಿದ್ದ: ನೋಡಿ ತಾತ, ಇದು ನಾವಿರುವ ಜಾಗ, ಇದು ನಿಮ್ಮೂರು, ನಡುವೆ ಇರುವುದು ಇಷ್ಟೇ ಇಷ್ಟು ನೀರು, ಇನ್ನೂರೈವತ್ತು ಕಿಲೋಮೀಟರು. ಆದರೆ ಎರಡು ಸರ್ಕಾರಗಳ ಜಗಳ, ಹೀಗೆ ನೇರ ಹೋಗುವ ಹಾಗಿಲ್ಲ. ಹೀಗೆ ಕೆಳಗೆ, ಹಾಂಗ್‌ಕಾಂಗಿಗೆ ಇಳಿದು, ಅಲ್ಲಿ ಕೂತಿದ್ದು, ಹೀಗೆ ಮತ್ತೆ ಮೇಲಕ್ಕೆ. ಒಂದು ಹಗಲು ಪೂರ್ತಿ. ಮುದುಕರು ನಕ್ಷೆಯನ್ನು ನೋಡುತ್ತಿದ್ದರು, ಕೋಲನ್ನು ನೋಡುತ್ತಿದ್ದರು, ಆಮೇಲೆ ಅವನ ಮುಖವನ್ನು, ಆ ನೀರನ್ನು ಅವನೇ ನಡುವೆ ಸುರಿದಿದ್ದಾನೋ ಎಂಬಂತೆ ನೋಡುತ್ತಿದ್ದರು. ಅಪ್ಪನೂ ಬರುತ್ತಿದ್ದ. ತಿಂಗಳಿಗೊಮ್ಮೆ, ತನ್ನ ಕ್ಷೌರದಂಗಡಿ ಮುಚ್ಚುವ ದಿನ, ಕಾಲಿಗೆ ಪ್ಲಾಸ್ಟಿಕ್ ಚಪ್ಪಲಿ ಹಾಕಿಕೊಂಡು ಬಂದು, ಗಿರಾಕಿಗಳ ಸಾಲಿನಲ್ಲೇ ಕೂತು, ಸರದಿ ಬಂದಾಗ ಎದ್ದು ಮೇಜಿನ ಮುಂದೆ ನಿಂತು, ತನ್ನ ಒಡಕು ಉಚ್ಚಾರಣೆಯಲ್ಲಿ, "ನೇರ ಹೋದರೆ ಎಷ್ಟು ಹೊತ್ತು?" ಎನ್ನುತ್ತಿದ್ದ. ಪಕ್ಕದ ಮೇಜಿನ ಹುಡುಗಿಯರು ತುಟಿ ಕಚ್ಚಿ ನಗು ತಡೆಯುತ್ತಿದ್ದರು. ಜಿಯಾಮಿಂಗ್ ತಲೆ ಎತ್ತದೆ, ಬೇರೆ ಯಾರಿಗಾದರೂ ಹೇಳುವ ಹಾಗೆ ಹೇಳುತ್ತಿದ್ದ: "ಅರ್ಧ ಗಂಟೆ. ಆದರೆ ನೇರ ವಿಮಾನ ಇನ್ನೂ ಇಲ್ಲ. ಬರುವ ವರ್ಷ ಶುರುವಾಗಬಹುದು."

ಬರುವ ವರ್ಷ ಎಂದು ಅವನು ಬಾಯಿಗೆ ಬಂದ ಹಾಗೆ ಹೇಳಿದ್ದಲ್ಲ. ಈ ದಂಧೆಯಲ್ಲಿ ಇದ್ದವರೆಲ್ಲ ಹಾಗೇ ಹೇಳುತ್ತಿದ್ದರು. ಅಪ್ಪನಿಗೆ ಊರೊಳಗಿನ ಬಸ್ಸಿನಲ್ಲೇ ವಾಂತಿ. ಒಂದು ದಿನಕ್ಕೆ ಎರಡು ವಿಮಾನ, ನಡುವೆ ಗೊತ್ತಿಲ್ಲದ ಊರಲ್ಲಿ ಅರ್ಧ ದಿನ ಕಾಯುವುದು, ಇದೆಲ್ಲ ಯಾಕೆ, ನೇರ ವಿಮಾನ ಬಿಡಲಿ, ಬೆಳಗ್ಗೆ ಗಂಜಿ ಕುಡಿದು ಹೊರಟರೆ ಊಟಕ್ಕೆ ತಂಗಿಯ ಮನೆ ಎಂದು ಮಗ ಹೇಳಿದ. ಮಗ ಈ ವಿಷಯದಲ್ಲಿ ಬಲ್ಲವನು ಎಂದು ಅಪ್ಪ ನಂಬಿದ. ನಂಬಿದ್ದಷ್ಟೇ ಅಲ್ಲ, ಸಾಬೂನು ಹಚ್ಚಿಸಿಕೊಂಡು ಕತ್ತು ಹಿಂದಕ್ಕೆ ಚಾಚಿ ಕೂತ ಗಿರಾಕಿಗಳಿಗೆಲ್ಲ ಕತ್ತಿ ಮಸೆಯುತ್ತ ಹೇಳುತ್ತಿದ್ದ: "ಒಂದು ತಲೆ, ಒಂದು ಗಡ್ಡ. ಅಷ್ಟರೊಳಗೆ ನಮ್ಮೂರು. ನಮ್ಮ ಹುಡುಗ ಹೇಳಿದಾನೆ. ಅವನಿಗೆ ವಿಮಾನದ್ದೆಲ್ಲ ಗೊತ್ತು." ಗಿರಾಕಿಗಳು ಕತ್ತಿ ಗಂಟಲ ಮೇಲಿದ್ದುದರಿಂದ ಹೂಂ ಎನ್ನುತ್ತಿದ್ದರು. ಒಂದು ಕಾಲದಲ್ಲಿ ಅಪ್ಪನ ಜೊತೆಗೆ ತೈಪೆಗೆ ಬಂದಿದ್ದ ಫೂಜೌ ಕಡೆಯ ಮುದುಕರೆಲ್ಲ ಹಾಂಗ್‌ಕಾಂಗ್ ಸುತ್ತಿ, ವಾಂತಿ ಮಾಡಿಕೊಂಡು, ಊರು ನೋಡಿ, ಅತ್ತು, ವಾಪಸು ಬಂದರು. ಅಪ್ಪನೊಬ್ಬ ನೇರ ದಾರಿಗಾಗಿ ಕಾದ. ಕಾಯುತ್ತ ಕಾಯುತ್ತ ಕಳೆದ ಮಳೆಗಾಲದಲ್ಲಿ ಅನ್ನ ನುಂಗುವುದು ನಿಂತುಹೋಯಿತು. ಆಸ್ಪತ್ರೆಯಲ್ಲಿ ಅಕ್ಕ ಕಾಲು ತಿಕ್ಕುತ್ತಿದ್ದಾಗ ಅಪ್ಪ ಜಿಯಾಮಿಂಗನನ್ನು ನೋಡಿ ಏನೂ ಕೇಳಲಿಲ್ಲ. ಕೇಳಿದ್ದರೆ ಮಗ ಮತ್ತೆ ಬರುವ ವರ್ಷವೆಂದೇ ಹೇಳುತ್ತಿದ್ದನೇನೋ. ಆ ಮಾತು ಅವನಿಗೆ ಅಷ್ಟು ರೂಢಿಯಾಗಿತ್ತು.

ಲಾವ್ ಸಿಗದೇ ಇದ್ದಿದ್ದರೆ ಕರೆಯುತ್ತಿದ್ದೆ, ಎಂದುಕೊಂಡ. ಲಾವ್ ಹಾಂಗ್‌ಕಾಂಗಿನ ಒಂದು ದೊಡ್ಡ ಟಿಕೆಟ್ ವ್ಯಾಪಾರಿ. ತೈಪೆಗೆ ಬಂದಾಗಲೆಲ್ಲ ಜಿಯಾಮಿಂಗನ ಮಾಲೀಕ ಅವನನ್ನು ಕುರ್ಚಿಯಿಂದೆದ್ದು ಬರಮಾಡಿಕೊಳ್ಳುತ್ತಿದ್ದ. ಜಿಯಾಮಿಂಗನ ಹೆಸರು ಅವನಿಗೆ ನೆನಪಿರುತ್ತಿದ್ದುದೇ ಹೆಚ್ಚು. ಅಂಥವನು ಇವತ್ತು ನಿಲ್ದಾಣದಲ್ಲಿ ಫೂಜೌ ಸಾಲಿನ ಪಕ್ಕದ ಸಾಲಿನಲ್ಲಿ ನಿಂತಿದ್ದ, ಬೂದು ಬಣ್ಣದ ಸೂಟು, ಕೈಯಲ್ಲಿ ಮಡಿಸಿದ ಪತ್ರಿಕೆ. "ಓಹೋ, ವಂಗ್ ಅವರು! ಟಿಕೆಟ್ ಮಾರೋರೇ ಟಿಕೆಟ್ ಕೊಂಡು ಹೊರಟುಬಿಟ್ರೆ ನಮ್ಮ ಗತಿ ಏನ್ರೀ?" ಜಿಯಾಮಿಂಗ್ ನಕ್ಕ. ಮನೆತನದ ಹೆಸರು ಹಿಡಿದು ಕರೆದನಲ್ಲ ಎಂದು ಮೈ ಸ್ವಲ್ಪ ಬಿಸಿಯಾಯಿತು. ಅಕ್ಕ ಆಗಲೇ ಐದಾರು ಜನರ ಮುಂದೆ ಹೋಗಿದ್ದಳು. ಲಾವ್ ನೀಲಿ ಚೀಲವನ್ನು ನೋಡಿ, ಬೆರಳಿನಿಂದ ಅದರ ಹೊಟ್ಟೆಗೆ ತಟ್ಟಿ, "ಏನಿದು, ಅಲ್ಲಿಯ ನೆಂಟರಿಗೆ ಟೇಪ್‌ರೆಕಾರ್ಡರಾ?" ಎಂದ. "ಹಾಗೇ, ಏನೋ ಒಂದಿಷ್ಟು" ಎಂದ ಜಿಯಾಮಿಂಗ್. "ಸುಂಕದವರು ಬಿಟ್ಟಾರೇನ್ರೀ? ಎಳೇ ಮಗೂನ ಹಾಗೆ ತಬ್ಬಿಕೊಂಡಿದೀರಲ್ಲ!" ಇಬ್ಬರೂ ನಕ್ಕರು. ಜಿಯಾಮಿಂಗ್ ಚೀಲವನ್ನು ಎದೆಯಿಂದ ಇಳಿಸಿ ಹೆಗಲಿಗೆ ತೂಗುಹಾಕಿಕೊಂಡ, ಎಲ್ಲರ ಚೀಲದ ಹಾಗೆ. ಸಾಲು ಮುಂದೆ ಸರಿಯಿತು. ಲಾವ್ ಚಳಿಗಾಲದ ಸೀಟುಗಳ ಬಗ್ಗೆ ಏನೋ ಹೇಳುತ್ತ ಬಾಗಿಲವರೆಗೂ ಬಂದ. ಬಾಗಿಲಲ್ಲಿ ಚೀಟಿ ಹರಿದುಕೊಟ್ಟರು. ಜಿಯಾಮಿಂಗ್ ಹೊಸ್ತಿಲು ದಾಟಿದ. ದಾಟುವಾಗ ಅವನ ಮುಖದಲ್ಲಿ ಆ ನಗು ಇನ್ನೂ ಹಾಗೇ ಇತ್ತು.

ವಿಮಾನದ ಏಣಿಯ ಬುಡದಲ್ಲಿ ಕರೆಯಬಹುದಿತ್ತು. ಅಲ್ಲಿ ಲಾವ್ ಇರಲಿಲ್ಲ. ಆದರೆ ಬಾಗಿಲಲ್ಲೇ ಕರೆಯದೆ ಬಂದ ಮೇಲೆ ಏಣಿಯ ಬುಡದಲ್ಲಿ ಯಾರನ್ನು ಕರೆಯುವುದು ಎಂಬ ಯೋಚನೆ ಅಡ್ಡ ಬಂತು. ಹಿಂದೆ ತಿರುಗಿ ಹೋಗಲು ಬಿಡುವುದಿಲ್ಲ, ಚೀಟಿ ಹರಿದಾಗಿದೆ. ಹಿಂದಿದ್ದವನು ದೊಡ್ಡ ರಟ್ಟಿನ ಪೆಟ್ಟಿಗೆಯಿಂದ ಬೆನ್ನಿಗೆ ತಿವಿಯುತ್ತಿದ್ದ. ಬಾಯಿ ತೆರೆದ, ಪರಿಚಾರಿಕೆ ಸ್ವಾಗತ ಎಂದಳು, ಬಾಯಿ ಮುಚ್ಚಿದ. ಇಷ್ಟೇ ನಡೆದದ್ದು. ಇದನ್ನು ಮರೆವು ಎಂದು ಹೇಳಿಬಿಡಬಹುದಿತ್ತು, ಮರೆತವನಿಗೆ ಕ್ಷಮೆಯೂ ಉಂಟು. ಆದರೆ ಅವನು ಮರೆತಿರಲಿಲ್ಲ. ಲಾವ್‌ನ ಬೆರಳು ಚೀಲಕ್ಕೆ ತಗಲಿದಾಗ ಒಳಗಿನ ಗಡಿಗೆ ಟಣ್ ಎಂದದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತ್ತು. ನಾಚಿಕೆಯಾಗಿತ್ತು, ಅಷ್ಟೆ. ಶಾಲೆಯ ವಾರ್ಷಿಕೋತ್ಸವಕ್ಕೆ ಅಪ್ಪ ಬಂದಾಗ, ಮೇಷ್ಟ್ರ ಮುಂದೆ ಆ ಒಡಕು ಭಾಷೆಯಲ್ಲಿ ಮಾತಾಡಲು ತೊಡಗಿದಾಗ, ಜಿಯಾಮಿಂಗ್, ಅಪ್ಪ ಯಾರೋ ಎಂಬಂತೆ, ಗೋಡೆಯ ಚಿತ್ರ ನೋಡುತ್ತ ನಿಂತ ಅದೇ ನಾಚಿಕೆ. ಅಪ್ಪ ಸತ್ತರೆ ಅದೂ ಸಾಯುತ್ತದೆ ಎಂದುಕೊಂಡಿದ್ದ.

ಅವನು ಇದನ್ನೆಲ್ಲ ನಂಬುವವನೇ? ನಂಬುವುದಿಲ್ಲ. ಸತ್ತ ಮೇಲೆ ಏನೂ ಇಲ್ಲವೆಂದು ಕಚೇರಿಯ ಹುಡುಗಿಯರ ಮುಂದೆ ಎಷ್ಟೋ ಸಲ ವಾದ ಮಾಡಿದ್ದಾನೆ. ಹಾಗಾದರೆ ಯಾರೂ ಎಲ್ಲಿಯೂ ಉಳಿದಿಲ್ಲ, ಗಡಿಗೆಯಲ್ಲಿರುವುದು ಸುಣ್ಣ, ಅದು ತನ್ನ ತೊಡೆಯ ಮೇಲಿದೆ, ಸರಿಯಾಗಿ ಹೋಗಿ ಮುಟ್ಟುತ್ತದೆ. ಈ ವಾದದಲ್ಲಿ ಎಲ್ಲೂ ತಪ್ಪಿರಲಿಲ್ಲ. ಆದರೂ ಕಣ್ಣು ಮುಚ್ಚಿದರೆ, ಹಾಂಗ್‌ಕಾಂಗಿನಲ್ಲಿ ಇಳಿದಾಗ ಅಪ್ಪನನ್ನು ಮೆಲ್ಲಗೆ ಕರೆದು ಕೂರಿಸಿದ್ದ ಆ ಹಜಾರ. ಕಿತ್ತಳೆ ಬಣ್ಣದ ಕುರ್ಚಿಗಳ ಸಾಲು, ಅದರ ಕೊನೆಯಲ್ಲಿ ಅಪ್ಪ, ಪ್ಲಾಸ್ಟಿಕ್ ಚಪ್ಪಲಿ, ಮೊಣಕಾಲಿನ ಮೇಲೆ ಎರಡು ಕೈ. ಸರದಿ ಬಂದಾಗ ಎದ್ದು ನಿಲ್ಲಲು ತಯಾರಾಗಿ ಕೂತಿದ್ದಾನೆ. ಧ್ವನಿವರ್ಧಕದಲ್ಲಿ ಕ್ಯಾಂಟನ್ ಭಾಷೆಯಲ್ಲಿ ಏನೋ ಹೇಳುತ್ತಿದ್ದಾರೆ, ಅಪ್ಪನಿಗೆ ಒಂದಕ್ಷರ ತಿಳಿಯುತ್ತಿಲ್ಲ. ಯಾರನ್ನಾದರೂ ಕೇಳುವ ಸ್ವಭಾವವೂ ಅವನದಲ್ಲ. ನಮ್ಮ ಹುಡುಗ ಬರ್ತಾನೆ, ಅವನಿಗೆ ವಿಮಾನದ್ದೆಲ್ಲ ಗೊತ್ತು. ಜಿಯಾಮಿಂಗ್ ಕಿಟಕಿಯ ಕಡೆ ತಿರುಗಿ, ಗಾಜಿಗೆ ತುಟಿ ಹತ್ತಿರ ತಂದು, ಅಕ್ಕನಿಗೆ ಕೇಳದಷ್ಟು ಮೆಲ್ಲಗೆ, "ಅಪ್ಪಾ" ಎಂದ. ಇನ್ನೊಮ್ಮೆ, "ಅಪ್ಪಾ, ಬಾ". ಗಾಜು ಮಂಜಾಯಿತು. ಹಿಂದಿನ ಸೀಟಿನಿಂದ ಒಂದು ಕೈ ಮುಂದೆ ಬಂತು, ರಟ್ಟಿನ ಪೆಟ್ಟಿಗೆಯವನದು. ಅದರಲ್ಲಿ ವಾಂತಿಯ ಕಾಗದದ ಚೀಲ. "ತಗೊಳ್ಳಿ, ಸಂಕೋಚ ಬೇಡ. ನನಗೂ ಮೊದಲ ಸಲ ಹೀಗೇ ಆಗಿತ್ತು." ಜಿಯಾಮಿಂಗ್ ಅದನ್ನು ತೆಗೆದುಕೊಂಡು ಥ್ಯಾಂಕ್ಸ್ ಹೇಳಿದ.

ಕೆಳಗೆ ಸಮುದ್ರ. ಬಲಗಡೆಗೆ, ಆ ಬೆಳ್ಳಗಿನ ಮಬ್ಬಿನಾಚೆ, ಅವರು ಬೆಳಗ್ಗೆ ಬಿಟ್ಟುಬಂದ ದ್ವೀಪ. ಒಂದು ಹಗಲು ಕಳೆದು ಎರಡು ವಿಮಾನ ಹತ್ತಿದ ಮೇಲೆ, ಹೊರಟ ಜಾಗದ ಎದುರಿಗೇ ಬಂದು ನಿಲ್ಲುತ್ತಿದ್ದೇವೆ ಎಂದು ಅವನಿಗೆ ಗೊತ್ತಿತ್ತು. ಫೂಜೌದಿಂದ ಹಾಂಗ್‌ಕಾಂಗಿಗೆ ನಾಳೆಯೇ ವಾಪಸು ಹೋಗಿ ಕರೆತರಬಹುದೇ ಎಂದು ಲೆಕ್ಕ ಹಾಕಿದ. ಒಳಗೆ ಬಿಡುವ ಮುದ್ರೆ ಒಂದೇ ಸಲದ್ದು, ಮತ್ತೆ ಬರಬೇಕಾದರೆ ತೈಪೆಯಲ್ಲಿ ಅರ್ಜಿ, ರಜೆ, ಮಾಲೀಕನ ಮುಖ. ಎಷ್ಟೋ ಜನರ ಕಗ್ಗಂಟಾದ ಪ್ರಯಾಣಗಳನ್ನು ಬಿಡಿಸಿಕೊಟ್ಟವನಿಗೆ ಇದಕ್ಕೊಂದು ದಾರಿ ಹೊಳೆಯಲಿಲ್ಲ. ಅಕ್ಕನಿಗೆ ಹೇಳಿಬಿಡಲೇ? ಅವಳು ಬಾಯಿ ಅಗಲಿಸಿ ನಿದ್ದೆ ಮಾಡುತ್ತಿದ್ದಳು, ಮೂರು ತಿಂಗಳು ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದವಳು. ಹೇಳಿದರೆ ಅವಳು ಕಿರುಚುವುದಿಲ್ಲ. ನಂಬಲಾರದೆ ನೋಡುತ್ತಾಳೆ, ಆಮೇಲೆ ಆ ಮೂರು ಕಡ್ಡಿಗಳನ್ನು ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲಿ ಹಿಡಿದೇ ಕೂತಿರುತ್ತಾಳೆ. ಹೇಳಲಿಲ್ಲ. ಫೂಜೌದಲ್ಲಿ ಇಳಿಯುವಾಗ ಮಾತ್ರ ಏಣಿಯ ಮೇಲೆ ನಿಂತು ಇಡೀ ನಿಲ್ದಾಣಕ್ಕೇ ಕೇಳುವ ಹಾಗೆ ಕೂಗಿದ: "ಅಪ್ಪಾ! ಊರು ಬಂತು, ಇಳಿ!" ಜನ ತಿರುಗಿ ನೋಡಿದರು. ಸುಲನ್ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡು, ತಮ್ಮನ ಬೆನ್ನ ಮೇಲೆ ಕೈಯಿಟ್ಟಳು.

ಅತ್ತೆ ಬೀದಿಯ ತುದಿಗೇ ಬಂದು ನಿಂತಿದ್ದಳು. ಯಿನ್‌ಮೇ ಅತ್ತೆ, ಅಪ್ಪನ ಒಬ್ಬಳೇ ತಂಗಿ, ಎಪ್ಪತ್ತರ ಹತ್ತಿರ, ಗಿಡ್ಡ ಕೂದಲು, ಗಿಡ್ಡ ಮೈ. ಅಣ್ಣ ಕತ್ತಿ ಕತ್ತರಿಯ ಪೆಟ್ಟಿಗೆ ಹಿಡಿದು ಹಡಗು ಹತ್ತಿದಾಗ ಅವಳಿಗೆ ಮದುವೆ ಗೊತ್ತಾಗಿತ್ತು. ಆಮೇಲೆ ಇಡೀ ಜೀವಮಾನ ಕಾರ್ಖಾನೆಯಲ್ಲಿ ಕಾಗದದ ಛತ್ರಿಗಳಿಗೆ ಎಣ್ಣೆ ಬಳಿದು, ಈಗಲೂ ಕೈ ಬೆರಳುಗಳ ಸಂದಿಯಲ್ಲಿ ಆ ಬಣ್ಣ. ಸತ್ತವರ ಮೇಲೆ ಸಂಜೆಯ ಬಿಸಿಲೂ ಬೀಳಬಾರದೆಂದು ಅಂಥದೇ ಒಂದು ಛತ್ರಿ ಬಿಚ್ಚಿ ನೀಲಿ ಚೀಲದ ಮೇಲೆ ಹಿಡಿದಳು. ಜಿಯಾಮಿಂಗ್ ಅವಳಿಗಿಂತ ಎತ್ತರ, ಅವನ ತಲೆಗೆ ಛತ್ರಿಯ ಕಡ್ಡಿಗಳು ತಿವಿದವು, ಬಾಗಿಯೇ ನಡೆದ. "ಅಣ್ಣಾ, ಎಷ್ಟು ತಡ ಮಾಡಿದ್ಯೋ" ಎಂದು ಅವಳು ಚೀಲದ ಜೊತೆ ಊರ ಭಾಷೆಯಲ್ಲಿ ಮಾತಾಡುತ್ತಲೇ ಬಂದಳು. "ಇದು ಮೀನಿನುಂಡೆಯವನ ಅಂಗಡಿ, ಮಗ ನಡೆಸ್ತಾನೆ ಈಗ. ಈ ಬಾವಿ ಮುಚ್ಚಿಬಿಟ್ಟಿದಾರೆ, ಎಡವಬೇಡ." ಅಪ್ಪನ ಬಾಯಲ್ಲಿ ಕೇಳಿದಾಗಲೆಲ್ಲ ಹಾಸ್ಯವಾಗಿ ಕೇಳಿಸುತ್ತಿದ್ದ ಆ ಭಾಷೆ ಇಲ್ಲಿ ಬೀದಿಯ ಎಲ್ಲರ ಬಾಯಲ್ಲೂ ಇತ್ತು. ಮೀನು ಮಾರುವವನು, ಸೈಕಲ್ ತಳ್ಳುವವನು, ಮೂಗು ಸುರಿಸುವ ಮಗು, ಎಲ್ಲರೂ ಅಪ್ಪನ ಹಾಗೇ ಒಡಕೊಡಕಾಗಿ ಮಾತಾಡುತ್ತಿದ್ದರು. ನಗುವಂಥದ್ದು ಏನೂ ಇರಲಿಲ್ಲ.

ಮನೆತನದ ಹಿರಿಯರ ಗುಡಿಯಲ್ಲಿ ಇಪ್ಪತ್ತು ಮೂವತ್ತು ಜನ ಸೇರಿದ್ದರು. ಬಹಳ ವರ್ಷ ಸರ್ಕಾರದ ಭತ್ತದ ಗೋದಾಮಾಗಿದ್ದ ಗುಡಿ, ಗೋಡೆಗೆ ಈಚೆಗೆ ಸುಣ್ಣ ಹೊಡೆದಿದ್ದರು. ಗಡಿಗೆಯನ್ನು ಮೇಜಿನ ಮೇಲಿಟ್ಟು, ಮುಂದೆ ಶಾವಿಗೆಯೂ ಬಾತುಕೋಳಿ ಮೊಟ್ಟೆಯೂ ಇರುವ ಬಟ್ಟಲಿಟ್ಟರು. ದೂರದಿಂದ ಸುಖವಾಗಿ ಬಂದು ಮುಟ್ಟಿದವರಿಗೆ ಮೊದಲು ತಿನ್ನಿಸುವುದು ಅದನ್ನೇ. ಸುಲನ್ ಕೊನೆಗೂ ತನ್ನ ಮೂರು ಕಡ್ಡಿಗಳನ್ನು ಹಚ್ಚಿದಳು. ಇನ್ನು ಕೇಳುವುದೊಂದು ಬಾಕಿ. ಬಿದಿರಿನ ಬೇರಿನಲ್ಲಿ ಮಾಡಿದ, ಅರ್ಧಚಂದ್ರದ ಆಕಾರದ ಎರಡು ಬಿಲ್ಲೆಗಳು. ಸತ್ತವರನ್ನು ಏನು ಕೇಳುವುದಿದ್ದರೂ ಅವನ್ನು ನೆಲಕ್ಕೆ ಚೆಲ್ಲಿ ಕೇಳುತ್ತಾರೆ. ಒಂದು ಅಂಗಾತ ಒಂದು ಬೋರಲು ಬಿದ್ದರೆ ಹೌದು. ಎರಡೂ ಬೋರಲಾದರೆ ಇಲ್ಲ. ಎರಡೂ ಅಂಗಾತವಾದರೆ ನಗುತ್ತಿದ್ದಾರೆ ಎಂದರ್ಥ, ಮತ್ತೆ ಕೇಳಬೇಕು. ಅತ್ತೆ ಮಂಡಿಯೂರಿ, "ಅಣ್ಣಾ, ಬಂದು ಮುಟ್ಟಿದ್ಯಾ?" ಎಂದು ಕೇಳಿ ಚೆಲ್ಲಿದಳು. ಎರಡೂ ಅಂಗಾತ. "ನಗ್ತಿದಾನೆ! ಇಷ್ಟು ವರ್ಷದ ಮೇಲೆ ಬಂದೋನು ನಗದೇ ಇರ್ತಾನಾ?" ಎಂದು ಒಬ್ಬ ಮುದುಕ ಹೇಳಿದ, ಎಲ್ಲರೂ ಸಡಿಲವಾಗಿ ನಕ್ಕರು. ಇನ್ನೊಮ್ಮೆ. ಎರಡೂ ಬೋರಲು. "ಸುಸ್ತಾಗಿದೆ ಅವನಿಗೆ. ವಿಮಾನ ಅಂದ್ರೆ ಸುಮ್ನೇನಾ?" ಮತ್ತೊಮ್ಮೆ. ಬೋರಲು. ಸುಲನ್ ನೆಲಕ್ಕೆ ಹಣೆ ಹಚ್ಚಿ, "ಅಪ್ಪಾ, ಅಪ್ಪಾ" ಎಂದು ಬಿಕ್ಕತೊಡಗಿದಳು. ಜಿಯಾಮಿಂಗನಿಗೆ ಎಲ್ಲವೂ ದೂರದಲ್ಲಿ ನಡೆಯುತ್ತಿರುವಂತೆ ಕಂಡಿತು. ಅವನು ನಂಬದೇ ಇದ್ದದ್ದು ಅವನ ಕಣ್ಣೆದುರಿಗೇ, ಎರಡು ಬಿದಿರಿನ ತುಂಡುಗಳಾಗಿ, ಬೆನ್ನು ಮೇಲೆ ಮಾಡಿಕೊಂಡು ಬಿದ್ದಿತ್ತು.

ಅತ್ತೆ ನಾಲ್ಕನೆಯ ಸಲ ಚೆಲ್ಲಿದಳು. ಈ ಸಲ ಬಿಲ್ಲೆಗಳು ಉರುಳಿ ಮೇಜಿನ ಕಾಲಿನ ಬಳಿಗೆ ಹೋದವು. ಅವಳು ಮೊಣಕಾಲಿನ ಮೇಲೇ ಮುಂದೆ ಸರಿದು, ಮೈಯೆಲ್ಲ ಬಾಗಿ ನೋಡಿದಳು. ಎಲ್ಲರಿಗೂ ಅವಳ ಬೆನ್ನು ಕಾಣುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಜಿಯಾಮಿಂಗನಿಗೆ ಮಾತ್ರ ಬಿಲ್ಲೆಗಳು ಕಂಡವು, ಎರಡೂ ಬೋರಲು. ಆಮೇಲೆ ಆ ಬಣ್ಣ ಹತ್ತಿದ ಹೆಬ್ಬೆರಳು ಒಂದನ್ನು ಮೆಲ್ಲನೆ ಮೀಟಿ ಅಂಗಾತ ಮಾಡಿದ್ದು ಕಂಡಿತು. "ಬಂದಿದಾನೆ!" ಎಂದು ಅತ್ತೆ ಕೂಗಿದಳು. "ನೋಡಿ, ಬಂದಿದಾನೆ ನಮ್ಮಣ್ಣ!" ಜನ ಮುಗಿಬಿದ್ದು ನೋಡಿದರು. ಒಂದು ಅಂಗಾತ, ಒಂದು ಬೋರಲು. ಹೆಂಗಸರು ಅತ್ತರು, ಮುದುಕ ಮೂಗು ಒರೆಸಿಕೊಂಡ, ಸುಲನ್ ಅತ್ತೆಯನ್ನು ತಬ್ಬಿಕೊಂಡು ನಕ್ಕಳು, ಅತ್ತಳು, ಮತ್ತೆ ನಕ್ಕಳು. ಎಲ್ಲರಿಗೂ ಶಾವಿಗೆ ಬಡಿಸಿದರು. ಜಿಯಾಮಿಂಗ್ ಮೊಟ್ಟೆಯನ್ನು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿಯುತ್ತ ಕೂತ.

ಊಟವಾದ ಮೇಲೆ ಅತ್ತೆ ಬಟ್ಟಲುಗಳ ಬುಟ್ಟಿ ಎತ್ತಿಕೊಂಡು ಹಿತ್ತಲ ನಲ್ಲಿಗೆ ಹೋದಳು. "ಬಾ ಮಗಾ, ನೀರು ಹಾಕು" ಎಂದು ಅವನನ್ನು ಕರೆದಳು. ಹಿತ್ತಲಲ್ಲಿ ಒಂದು ಲೊಂಗನ್ ಹಣ್ಣಿನ ಮರ, ಅದರ ಕೆಳಗೆ ಕಲ್ಲು. ಅವಳು ಕೂತು ಬಟ್ಟಲುಗಳನ್ನು ಬೂದಿಯಲ್ಲಿ ತಿಕ್ಕತೊಡಗಿದಳು. ತಲೆ ಎತ್ತದೆ, ತನಗೆ ಅರೆಬರೆ ಬರುವ ಮ್ಯಾಂಡರಿನ್ನಿನಲ್ಲಿ ಕೇಳಿದಳು.

"ಎಲ್ಲಿ ಬಿಟ್ಟೆ?"

"ಹಾಂಗ್‌ಕಾಂಗಿನಲ್ಲಿ." ಸುಳ್ಳು ಹೇಳಬೇಕೆಂದು ಅನ್ನಿಸಲೇ ಇಲ್ಲ. "ನಾಚಿಕೆ ಆಯ್ತು ಅತ್ತೆ. ಗುರುತಿನವರೊಬ್ಬರು ಇದ್ದರು."

ಅತ್ತೆ ಒಂದು ಬಟ್ಟಲು ತೊಳೆದು ಬೋರಲು ಹಾಕಿದಳು. ಬೈದಿದ್ದರೆ ಚೆನ್ನಾಗಿತ್ತು. "ಅದು ದೂರವಾ?"

"ಆರೇಳು ನೂರು ಕಿಲೋಮೀಟರು. ವಿಮಾನದಲ್ಲಿ ಒಂದೂವರೆ ಗಂಟೆ."

"ನಡೆದು ಬಂದರೆ?"

ಅವನಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷಗಳಲ್ಲಿ ಯಾರೂ ಅವನನ್ನು ಅದನ್ನು ಕೇಳಿರಲಿಲ್ಲ.

"ಅಲ್ಲಿಯ ಮಾತು ಅವನಿಗೆ ಬರಲ್ಲ" ಎಂದಳು ಅತ್ತೆ. "ಚಿಕ್ಕಂದಿನಿಂದಲೂ ಹಾಗೇ, ಸಂತೆಯಲ್ಲಿ ಕೈ ಬಿಟ್ಟರೆ ಅಲ್ಲೇ ನಿಲ್ಲೋನು. ಅಳೋದೂ ಇಲ್ಲ, ಯಾರನ್ನೂ ಕೇಳೋದೂ ಇಲ್ಲ. ಅಮ್ಮ ವಾಪಸು ಹೋಗಿ ನೋಡಿದರೆ ಬಿಟ್ಟ ಜಾಗದಲ್ಲೇ ಇರೋನು."

"ವಾಪಸು ಹೋಗುವಾಗ ಅಲ್ಲೇ ಇಳೀಬೇಕು ಅತ್ತೆ" ಎಂದ ಜಿಯಾಮಿಂಗ್, ತಟ್ಟನೆ, ಏನೋ ಸಿಕ್ಕಿದವನ ಹಾಗೆ. "ಅದೇ ಹಜಾರ. ಅಲ್ಲಿ ಕರೀತೀನಿ. ಎಲ್ಲರ ಎದುರಿಗೂ ಕರೀತೀನಿ, ಯಾರು ಇದ್ದರೂ ಸರಿ."

ಅತ್ತೆ ಮೊದಲ ಸಲ ತಲೆ ಎತ್ತಿ ಅವನನ್ನು ನೋಡಿದಳು. ಅಪ್ಪನ ಕಣ್ಣುಗಳೇ. ಅವಳ ತೊಳೆಯುವ ಕೈ ನಿಂತಿತು.

"ಬೇಡ ಮಗಾ. ನೀನು ಕರೆದರೆ ಅವನು ಎದ್ದು ನಿನ್ನ ಹಿಂದೇನೇ ಬರ್ತಾನೆ. ನೀನು ಹೋಗ್ತಿರೋದು ಆ ಕಡೆಗೆ, ತೈಪೆಗೆ." ಅವಳ ಧ್ವನಿಯಲ್ಲಿ ಕೋಪವಿರಲಿಲ್ಲ, ಹಟ ಇತ್ತು. "ಅಲ್ಲಿಂದ ಮತ್ತೆ ನಿನ್ನ ಜೊತೆ ದಾಟಿ ಹೋದರೆ ಮುಗೀತು. ಇಲ್ಲಿ ಬೂದಿ ಒಂದು ಇಟ್ಟುಕೊಂಡು ನಾನೇನು ಮಾಡಲಿ? ಅಲ್ಲೇ ಇರಲಿ ಬಿಡು. ಅರ್ಧ ದಾರಿಗಾದರೂ ಬಂದಿದಾನಲ್ಲ. ನೀನು ಆ ಜಾಗದಲ್ಲಿ ಬಾಯಿ ಬಿಡಬೇಡ. ಕರೀಲೂ ಬೇಡ, ಮಾತೂ ಆಡಬೇಡ. ನಿನ್ನ ಧ್ವನಿ ಒಂದೇ ಅವನಿಗೆ ಕೇಳೋದು."

"ನೀವು ಹೋಗಿ ಕರೆತರೋಕೆ..."

"ನನಗ್ಯಾರು ಬಿಡ್ತಾರೆ?" ಎಂದು ಅತ್ತೆ ಮತ್ತೆ ಬಟ್ಟಲು ತಿಕ್ಕಿದಳು. "ನೀರು ಹಾಕು."

ನಾಲ್ಕನೆಯ ದಿನ ಮಧ್ಯಾಹ್ನ ಅಕ್ಕ ತಮ್ಮ ಹಾಂಗ್‌ಕಾಂಗಿನಲ್ಲಿ ಇಳಿದರು. ವಿಮಾನದ ಬಾಗಿಲು ದಾಟುವ ಮೊದಲೇ ಜಿಯಾಮಿಂಗ್ ತುಟಿಗಳನ್ನು ಬಿಗಿದಿದ್ದ. ಹಜಾರದಲ್ಲಿ ಪೂರ್ತಿ ಮೂರು ಗಂಟೆ ಕಾಯಬೇಕಿತ್ತು. ಕಿತ್ತಳೆ ಬಣ್ಣದ ಕುರ್ಚಿಗಳಲ್ಲಿ ಜನ ಇದ್ದರು, ಕೆಲವು ಖಾಲಿಯೂ ಇದ್ದವು. ಅವನು ಖಾಲಿ ಕುರ್ಚಿಗಳ ಕಡೆ ನೋಡದೆ ಕಂಬಕ್ಕೆ ಒರಗಿ ನಿಂತ. ಅಧಿಕಾರಿ ಹೆಸರು ಕೇಳಿದಾಗ ಪಾಸ್‌ಪೋರ್ಟಿನ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದ. ಕೆಮ್ಮು ಬಂತು, ಕರವಸ್ತ್ರ ತುರುಕಿಕೊಂಡು ನುಂಗಿದ. ಸುಲನ್ ಚಹಾ ತಂದು ಕೊಟ್ಟಳು, ಅವಳ ಮುಖ ಈ ನಾಲ್ಕು ದಿನಗಳಲ್ಲಿ ಹತ್ತು ವರ್ಷ ಹಿಂದಕ್ಕೆ ಹೋದಂತಿತ್ತು. ಅವಳು ಕುರ್ಚಿಯಲ್ಲಿ ಕೂತು, ಕಾಲು ಚಾಚಿ, ನಿಟ್ಟುಸಿರು ಬಿಟ್ಟಳು.

"ಅಪ್ಪ ಈಗ ಆರಾಮಾಗಿದಾನೆ, ಅಲ್ವೇನೋ?"

ಅವನು ಚಹಾದ ಲೋಟವನ್ನು ಮುಚ್ಚಿದ ತುಟಿಗೆ ಒತ್ತಿಕೊಂಡ.

"ಎಷ್ಟು ಆಸೆ ಇತ್ತು ಅವನಿಗೆ. ಕೊನೆಗೂ ನೀನೇ ಮುಟ್ಟಿಸಿದೆ." ಅವಳು ಅವನ ತೋಳು ಹಿಡಿದು ಅಲುಗಿಸಿದಳು. "ಏನೋ, ನಿನ್ನನ್ನೇ ಕೇಳ್ತಿರೋದು. ಊರಲ್ಲಿದಾನೆ ತಾನೇ ನಮ್ಮಪ್ಪ? ಹೂಂ ಅನ್ನೋ. ಒಂದು ಸಲ ಹೂಂ ಅಂದುಬಿಡು."

ಅವಳ ಕಣ್ಣಲ್ಲಿ ನೀರು ಬಂದಿತ್ತು. ಜಿಯಾಮಿಂಗ್ ಅವಳನ್ನೇ ನೋಡುತ್ತ, ಹಲ್ಲು ಕಚ್ಚಿ, ಬಾಯಿ ಮುಚ್ಚಿಕೊಂಡು ನಿಂತ.